ಕಡಿಯೋ ಇರಿವಿ

ಬಸವಣ್ಣೆವ್ವ ಅವನನ್ನು ಮೊದಲ ಸಲ ನೋಡಿದಾಗ ನಕ್ಕುಬಿಟ್ಟಳು. ಮುಗುಳುನಗೆಯಾಗಿದ್ದರೆ ಚಿಂತೆಯಿರಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದರೂ ತಡೆಯಲಾರದೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಎಪ್ಪತ್ತಾರನೆಯ ಇಸವಿ, ದೀಪಾವಳಿ ಮುಗಿದು ವಾರವಾಗಿತ್ತು. ದೇವಿಕೊಪ್ಪದಲ್ಲಿ ಬಸ್ಸಿನಿಂದ ಐದು ಜನ ಜಪಾನಿನವರು ಇಳಿದರು. ಅಲ್ಲಿಯ ಒಂದು ಬುದ್ಧನ ಗುಡಿಯ ಭಕ್ತರು ಅವರು. ಸೇವೆ ಮಾಡುತ್ತೇವೆಂದು ಸಮುದ್ರ ದಾಟಿ ಬಂದವರು. ಆಚೆಗಿನ ಸಣ್ಣ ಹಳ್ಳಿಯ ಕೇರಿಗೆ ಕುಡಿಯುವ ನೀರಿನ ಬಾವಿ ತೋಡಿಕೊಡುವುದು ಅವರು ಹೊತ್ತುಕೊಂಡಿದ್ದ ಕೆಲಸ. ಅವರನ್ನು ಕರೆದೊಯ್ಯಲು ಕೇರಿಯ ಹಿರಿಯ ಉಡಚಪ್ಪ ಎತ್ತಿನ ಗಾಡಿ ತಂದಿದ್ದ. ಜೊತೆಗೆ ಮಗಳು ಬಸವಣ್ಣೆವ್ವನನ್ನೂ ಕರೆತಂದಿದ್ದ. ಕೇರಿಗೆಲ್ಲ ಮ್ಯಾಟ್ರಿಕ್ ಮುಟ್ಟಿದವಳು ಆಕೆಯೊಬ್ಬಳೇ. ಊರಿನ ಬಾಲವಾಡಿ ಟೀಚರು ಬೇರೆ. ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಬಲ್ಲಳೆಂಬ ಹೆಸರಿತ್ತು. ಅದು ನಾಲ್ಕೇ ಮಾತು ಎಂಬುದು ಆಕೆಗಷ್ಟೇ ಗೊತ್ತಿತ್ತು.

"ವಾಟ್ ಈಸ್ ಯುವರ್ ನೇಮ್?" ಎಂದು ಮುಂದೆ ನಿಂತ ಹುಡುಗನನ್ನು ಕೇಳಿದಳು. ಎತ್ತರದ ಹುಡುಗ, ಹಣೆ ಮೇಲೆ ಬೀಳುವ ಕೂದಲು, ಬಿಸಿಲಿಗೆ ಆಗಲೇ ಕೆಂಪಾದ ಕಿವಿ.

ಅವನು ಸೊಂಟ ಬಗ್ಗಿಸಿ ನಮಸ್ಕರಿಸಿ ಹೇಳಿದ: "ಕೆಂಜಿ."

ಗಾಡಿಯ ಹಿಂದೆ ಓಡಿಬಂದಿದ್ದ ಬಾಲವಾಡಿ ಮಕ್ಕಳಿಗೆ ಅಷ್ಟೇ ಸಾಕಾಯಿತು. "ಕೆಂಜಿಗ! ಕೆಂಜಿಗ ಬಂತಲೇ!" ಎಂದು ಕೂಗಿ, ಕೆಂಜಿಗವೆಂಬ ಕೆಂಪಿರುವೆ ಕಚ್ಚಿದವರಂತೆ ಒಂಟಿ ಕಾಲಲ್ಲಿ ಕುಣಿಯತೊಡಗಿದವು. ಬಸವಣ್ಣೆವ್ವ ನಕ್ಕದ್ದು ಆಗಲೇ. ಪಾಪ, ಅವನಿಗೆ ಏನೂ ತಿಳಿಯಲಿಲ್ಲ. ನಗುವವರ ಜೊತೆ ತಾನೂ ನಕ್ಕು ಇನ್ನೊಮ್ಮೆ ಬಗ್ಗಿ ನಮಸ್ಕರಿಸಿದ. ಆಕೆಗೆ ನಾಚಿಕೆಯಾಗಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕೆಂಜಿ ಗಿಂಜಿ ಯಾವಂಗ ಬರ್ತೈತಿ? ಕೆಂಚಪ್ಪ ಅಂದ್ರಾತು," ಎಂದು ಉಡಚಪ್ಪ ಅಲ್ಲೇ ನಾಮಕರಣ ಮಾಡಿದ. ತಂಡದ ಹಿರಿಯ ಸಾತೋ ಸ್ವಾಮಿಗಳು ಗಾಡಿ ಹತ್ತುವುದರೊಳಗೆ ಸಾತಪ್ಪ ಆದರು.

ಊರೆಲ್ಲ ಕೆಂಚಪ್ಪ ಎಂದರೂ ಬಸವಣ್ಣೆವ್ವ ಮಾತ್ರ ಹಾಗೆ ಕರೆಯಲಿಲ್ಲ. ನಕ್ಕ ತಪ್ಪಿಗೆ ತಾನೇ ದಂಡ ಹಾಕಿಕೊಂಡವಳಂತೆ ನೆಟ್ಟಗೆ, ಮರ್ಯಾದೆಯಿಂದ "ಕೆಂಜಿ ಅವರ" ಎಂದೇ ಕರೆಯುತ್ತಿದ್ದಳು. ತಾಯಿ ಇಟ್ಟ ಹೆಸರಿನಿಂದ ಅವನನ್ನು ಕರೆಯುವ ಬಾಯಿ ಊರಿನಲ್ಲಿ ಅದೊಂದೇ. ಆ ಕರೆ ಕೇಳಿದಾಗಲೆಲ್ಲ ಅವನ ಮುಖ ಅರಳುತ್ತಿದ್ದುದನ್ನು ಆಕೆ ಕಂಡೂ ಕಾಣದಂತಿರುತ್ತಿದ್ದಳು.

ಅವರು ಬಂದ ದಿನವೇ ಇನ್ನೊಂದು ನಡೆಯಿತು. ಉಡಚಪ್ಪನ ಮನೆಯ ದೇವರ ಜಗುಲಿಯಲ್ಲಿ ಮನೆದೇವರು ಉಡಚವ್ವನ ಬೆಳ್ಳಿ ಮುಖವಿದೆ, ಅದರ ಬಾಜು ಹಳೆಯ ಬುದ್ಧನ ಪಟವಿದೆ. ಒಳಗೆ ಕಾಲಿಟ್ಟ ಐವರೂ ಪಟ ನೋಡಿದ್ದೇ ತಡ, ಸೆಗಣಿ ಸಾರಿಸಿದ ನೆಲದ ಮೇಲೆ ಮೊಣಕಾಲೂರಿ ಹಣೆ ಹಚ್ಚಿದರು. ಆಮೇಲೆ ಅಲ್ಲೇ ಕೂತು, ಕೊಟ್ಟ ಚಹಾ ಕುಡಿದರು. ಮೇಲಿನ ಓಣಿಯವರು ಕೇರಿಯವರಿಗೆ ನೀರು ಹಾಕಬೇಕಾದರೂ ಮಾರು ದೂರದಿಂದ ಹಾಕುವ ಕಾಲ ಅದು. ಉಡಚಪ್ಪ ಹೊರಗೆ ಹೋಗಿ ಎತ್ತಿನ ಬೆನ್ನು ತಿಕ್ಕುತ್ತ ಬಹಳ ಹೊತ್ತು ನಿಂತ.

"ಯಾಕಪ್ಪಾ?" ಎಂದು ಮಗಳು ಕೇಳಿದಳು.

"ಏನಿಲ್ಲವಾ. ನಮ್ಮನಿ ನೆಲಕ್ಕ ಹಣಿ ಹಚ್ಚಿದ್ರು ನೋಡು. ಈ ಋಣಾ ಹೆಂಗ ತೀರಸೂದು?"

ಆ ಮಾತು ಬಸವಣ್ಣೆವ್ವನ ಎದೆಯಲ್ಲಿ ಕೂತಿತು. ಆಕೆಯ ಪ್ರೀತಿ ಎಲ್ಲಿ ಹುಟ್ಟಿತೆಂದು ಕೇಳಿದರೆ, ಆ ಉಪಕಾರದ ನೆನಪಿನಲ್ಲಿಯೇ ಎನ್ನಬೇಕು.

ಬಾವಿಯ ಕೆಲಸ ಸುರುವಾಯಿತು. ಗಂಡಸರು ಕೆಳಗೆ ಅಗೆಯುವುದು, ಹೆಂಗಸರು ಮೇಲೆ ಬುಟ್ಟಿ ಎಳೆಯುವುದು. ಕೇರಿಯವರ ಜೊತೆ ಜಪಾನಿನವರೂ ಗುದ್ದಲಿ ಹಿಡಿದರು. ಕೆಂಜಿ ಕನ್ನಡ ಕಲಿತದ್ದು ಬಾವಿಯೊಳಗೆ ನಿಂತೇ. ಮೊದಲು ಕಲಿತ ಮಾತು "ಉಪಕಾರ ಆತ್ರಿ". ರೊಟ್ಟಿ ಕೊಟ್ಟವರಿಗೆ ಉಪಕಾರ ಆತ್ರಿ, ದಾರಿ ಬಿಟ್ಟವರಿಗೆ ಉಪಕಾರ ಆತ್ರಿ, ಮಣ್ಣು ಹೊತ್ತ ಕತ್ತೆಗೂ ಉಪಕಾರ ಆತ್ರಿ. ಪ್ರತಿ ಸಲವೂ ಸೊಂಟ ಬಗ್ಗಿಸುವುದೊಂದು.

"ಇಷ್ಟಕ್ಕೆಲ್ಲಾ ಬಗ್ಗಬ್ಯಾಡೋ ಕೆಂಚಪ್ಪಾ, ನಡಾ ಹೋಗ್ತೈತಿ. ಮುಂದ ಹೇಂತಿ ಬೈತಾಳ," ಎನ್ನುತ್ತಿದ್ದಳು ಬಸವಣ್ಣೆವ್ವನ ಅಜ್ಜಿ ಸಣ್ಣವ್ವ. ಅವನು ಅದಕ್ಕೂ "ಉಪಕಾರ ಆತ್ರಿ ಅಜ್ಜಿ" ಎಂದು ಬಗ್ಗುತ್ತಿದ್ದ.

ಅವನಿಗೆ ಬಾರದ ಮಾತು ಒಂದಿತ್ತು, ಅದು ಆಕೆಯ ಹೆಸರು. ಅವನ ನಾಲಿಗೆಗೆ 'ವ' ಒಗ್ಗದು. "ಬಸಬನ್ನೆಬಾ" ಎನ್ನುತ್ತಿದ್ದ. ಅಷ್ಟು ಉದ್ದದ ಹೆಸರು ಬಿಟ್ಟು ಟೀಚರ್ ಎಂದು ಕರೆಯಬಹುದಿತ್ತು. ಹಟಗಾರ, ಕರೆಯಲಿಲ್ಲ.

"ವ. ಬ ಅಲ್ರಿ, ವ. ಮ್ಯಾಲಿನ ಹಲ್ಲು ಕೆಳಗಿನ ತುಟಿಗಿ ತಾಗಸ್ರಿ. ನನ್ನ ನೋಡ್ರಿ, ವ…" ಎಂದು ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಆಕೆ ಪಾಠ ಹೇಳಿದಳು.

ಅವನು ನೋಡಿದ, ಕಣ್ಣು ಮಿಟುಕಿಸದೆ ಆಕೆಯ ತುಟಿಗಳನ್ನೇ ನೋಡಿದ. ಎರಡನೆಯ 'ವ' ಹೇಳುವಾಗ ಆಕೆಗೆ ಅದು ಅರಿವಿಗೆ ಬಂತು. ಮೂರನೆಯದನ್ನು ಹೇಳಲಾಗಲಿಲ್ಲ. ಇಬ್ಬರೂ ಒಟ್ಟಿಗೇ ನೆಲ ನೋಡಿದರು.

"ಕಷ್ಟ ಐತಿ," ಎಂದ ಅವನು.

"ಬರ್ತೈತಿ ಬಿಡ್ರಿ," ಎಂದಳು ಆಕೆ, ರೊಟ್ಟಿಗೆ ಹೇಳುವವಳಂತೆ.

ಅಂದಿನಿಂದ ಬಾವಿಯ ತಳದಲ್ಲಿ ಒಬ್ಬನೇ ಇದ್ದಾಗ ಅವನು ಆ ಹೆಸರನ್ನು ಕೂಗಿ ಕೂಗಿ ಅಭ್ಯಾಸ ಮಾಡುತ್ತಿದ್ದ. ಬಾವಿ ಅದನ್ನು ಮೇಲೆ ಕಳಿಸುತ್ತಿತ್ತು: ಬಸಬನ್ನೆಬಾ… ಬಾ… ಬಾ… "ಬಾ ಬಾ ಅಂತ ಕರ್ಯಾಕ ಹತ್ಯಾನಲ್ಲಬೇ, ಹೋಗಬಾರದ?" ಎಂದು ಹಗ್ಗ ಎಳೆಯುತ್ತಿದ್ದ ಮೈಲಾರವ್ವ ಕಾಲೆಳೆದರೆ ಬಸವಣ್ಣೆವ್ವನ ಕೈಯಲ್ಲಿ ಬುಟ್ಟಿ ಜಾರುತ್ತಿತ್ತು.

ಒಂದು ಸಂಜೆ ಗೋಡೆಯ ಮೇಲಿನ ಅಜ್ಜನ ಫೋಟೋ ತೋರಿಸಿ ಕೆಂಜಿ ಸಣ್ಣವ್ವನಿಗೆ ಕೇಳಿದ: "ಅಜ್ಜನ ಹೆಸರು?"

ಅಜ್ಜನ ಹೆಸರು ಹುಲಿಗೆಪ್ಪ. ಆತ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆದರೆ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದುಂಟೇ? ಸಣ್ಣವ್ವ ಎಪ್ಪತ್ತರ ವಯಸ್ಸಿನಲ್ಲೂ ಹದಿನಾರರವಳಂತೆ ಸೆರಗು ಸರಿಮಾಡಿಕೊಂಡಳು. "ಕಾಡಿನ್ಯಾಗ ಇರ್ತೈತಿ. ಮೈತುಂಬಾ ಪಟ್ಟಿ, ದೊಡ್ಡ ಮೀಸಿ. ಅದರ ಮುಂದ ಅಪ್ಪ ಹಚ್ಚು."

ಕೆಂಜಿ ಯೋಚಿಸಿ ಯೋಚಿಸಿ ಹೇಳಿದ: "ಬೆಕ್ಕಪ್ಪ?"

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಕ್ಕು ಸಾಕಾದ ಮೇಲೆ ಬಸವಣ್ಣೆವ್ವ ಬಿಡಿಸಿ ಹೇಳಿದಳು. ಲಗ್ನವಾದ ಹೆಂಗಸು ಗಂಡನ ಹೆಸರು ಕರೆಯುವುದಿಲ್ಲ. ಆ ಹೆಸರನ್ನು ಹೋಲುವ ಮಾತನ್ನೂ ಆಡುವುದಿಲ್ಲ. ಅದಕ್ಕೇ ಅಜ್ಜಿಯ ಬಾಯಲ್ಲಿ ಹುಲಿ ಎಂಬುದೇ ಇಲ್ಲ, ಇರುವುದೆಲ್ಲ ಪಟ್ಟಿ ಬೆಕ್ಕು. ಹೆಸರು ಹೇಳಲೇಬೇಕಾದ ಮಂಗಳ ಕಾರ್ಯ ಬಂದರೆ ಒಡಪು ಕಟ್ಟಿ, ಪ್ರಾಸದೊಳಗೆ ಹೆಸರನ್ನು ಇಟ್ಟು ಹೇಳುವುದು.

"ಯಾಕ ಹೇಳೂದಿಲ್ಲ?"

"ಬಾಯಾಗ ಇಟ್ಟಕೊಂಡ್ರ ಸವದ ಹೋಗ್ತೈತಿ ಮಗಾ," ಎಂದಳು ಸಣ್ಣವ್ವ. "ಎದಿಯಾಗ ಇಟ್ಟಕೋಬೇಕು."

ಕೆಂಜಿ ಫೋಟೋದ ಅಜ್ಜನಿಗೂ ಒಮ್ಮೆ ಬಗ್ಗಿ ನಮಸ್ಕರಿಸಿದ.

ಚಳಿ ಮುಗಿಯುವ ಹೊತ್ತಿಗೆ ಅವನಿಗೆ ಜ್ವರ ಬಂತು. ಏನು ಕೊಟ್ಟರೂ ಬಾಯಿಗೆ ಸೇರದು. ಬಸವಣ್ಣೆವ್ವ ಹೊಸ ಅಕ್ಕಿಯ ಗಂಜಿ ಕಾಯಿಸಿ, ಉಪ್ಪು ಹಾಕಿ, ಆರಿಸಿ ಕೊಟ್ಟಳು. ಒಂದು ಗುಟುಕು ಕುಡಿದವನೇ ತಟ್ಟೆ ಕೆಳಗಿಟ್ಟು ಅತ್ತುಬಿಟ್ಟ.

"ಖಾರ ಆತೇನ್ರಿ?" ಎಂದು ಆಕೆ ಗಾಬರಿಯಾಗಿ ಕೇಳಿದಳು. ಗಂಜಿಯಲ್ಲಿ ಖಾರ ಎಲ್ಲಿಂದ ಬರಬೇಕು!

"ನಮ್ಮ ಅವ್ವ ಇದನ್ನ ಮಾಡ್ತಾಳ," ಎಂದ ಅವನು. "ಜ್ವರ ಬಂದ್ರ ಇದನ್ನ. ಹಿಂಗ." ಅವನ ಊರಲ್ಲೂ ಗದ್ದೆಗಳಿದ್ದವಂತೆ. ಗದ್ದೆಯನ್ನೂ ಅವ್ವನನ್ನೂ ಅಣ್ಣ ನೋಡಿಕೊಳ್ಳುತ್ತಾನಂತೆ. "ಇಲ್ಲೆ ಯಾರೂ ಇಲ್ಲ ಅಂತ ಬಂದೆ. ಇಲ್ಲೆ ಎಲ್ಲಾರು ಅದಾರ." ಹೀಗೆಂದು ಉಳಿದ ಗಂಜಿಯನ್ನು ಒಂದಗುಳೂ ಬಿಡದಂತೆ ಕುಡಿದ.

ತಟ್ಟೆ ತೊಳೆಯಲು ಹಿತ್ತಲಿಗೆ ಹೋದ ಬಸವಣ್ಣೆವ್ವ ಅದನ್ನು ತೊಳೆಯದೆ ಸುಮ್ಮನೆ ಹಿಡಿದು ಕೂತಳು. ಮರುದಿನ ಬೆಳಿಗ್ಗೆ, "ಜ್ವರಾ ಬಿಟ್ಟಾವೇನ್ರಿ, ಕೆಂ—" ಎಂದು ಕೇಳಹೋದವಳ ನಾಲಿಗೆ ಅಲ್ಲೇ ನಿಂತಿತು. ಹೆಸರು ಮುಂದೆ ಬರಲಿಲ್ಲ. ಅಂದಿನಿಂದ ಅವನು 'ಏನ್ರಿ' ಆದ, 'ಇವರ' ಆದ, ಕೆಲವೊಮ್ಮೆ ಬರೀ ಬಳೆಯ ಸದ್ದಾದ. ಯಾಕೆಂದು ತನಗೇ ಗೊತ್ತಿಲ್ಲದವಳಂತೆ ಆಕೆ ಇದ್ದುಬಿಟ್ಟಳು.

ಗುಟ್ಟು ಬಯಲಾದದ್ದು ಮಾವಿನ ಗಿಡದ ಬುಡದಲ್ಲಿ. ಬಾಲವಾಡಿ ಅಲ್ಲೇ ನಡೆಯುತ್ತಿತ್ತು. ಯುಗಾದಿ ಕಳೆದು ಕಾಯಿ ತೂಗುವ ಕಾಲ. ಕೊಂಬೆಯಿಂದ ಕೆಂಪಿರುವೆಯ ಗೂಡು ಕಳಚಿ ಮಕ್ಕಳ ನಡುವೆ ಬಿತ್ತು. ಬಸವಣ್ಣೆವ್ವ ಗಾಬರಿಯಿಂದ ಎದ್ದು, "ಸರೀರಿ, ಸರೀರಿ! ಕಡಿಯೋ ಇರಿವಿ ಬಿದ್ದಾವ!" ಎಂದು ಕೂಗಿದಳು.

ಹತ್ತಿರದಲ್ಲಿ ಅಕ್ಕಿ ಕೇರುತ್ತಿದ್ದ ಸಣ್ಣವ್ವನ ಮೊರ ನಿಂತಿತು. ಮಕ್ಕಳನ್ನೆಲ್ಲ ಝಾಡಿಸಿ ಮನೆಗೆ ಕಳಿಸಿದ ಮೇಲೆ ಮೊಮ್ಮಗಳನ್ನು ಹತ್ತಿರ ಕರೆದಳು. "ಏನ್ ಬಿದ್ದುವಂದಿ?"

"ಕಡಿಯೋ ಇರಿವಿ."

"ಅದಕ್ಕ ಹೆಸರಿಲ್ಲೇನು?"

ಬಸವಣ್ಣೆವ್ವ ಕಾಲಿನ ಹೆಬ್ಬೆರಳು ನೋಡಿದಳು.

"ಅಯ್ಯ ನನ ಕೂಸ!" ಎಂದು ಸಣ್ಣವ್ವ ಮೊರವನ್ನೇ ಬಿಟ್ಟು ನಕ್ಕಳು. "ನಿಮ್ಮಜ್ಜನ ಕೈಲೆ ತಾಳಿ ಕಟ್ಟಿಸಿಕೊಂಡ ಮ್ಯಾಲೆ ನಾ ಪಟ್ಟಿ ಬೆಕ್ಕಿನ ಹೆಸರು ಬಿಟ್ಟೆ. ನೀ ಲಗ್ನಕ್ಕ ಮದ್ಲ ಇರಿವಿ ಹೆಸರು ಬಿಟ್ಟೀಯಲ್ಲಬೇ!" ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಅಂವಗ ಗೊತ್ತೈತೇನು?"

"ಇಲ್ಲ. ಹೇಳಬ್ಯಾಡ ಅಜ್ಜಿ. ಬಾವಿ ತೋಡಿ ಕೊಡಾಕ ಬಂದವರು. ಅವ್ವನ್ನ ಬಿಟ್ಟು ಇಲ್ಲೇ ಇರ್ರಿ ಅಂತ ಯಾವ ಬಾಯ್ಲೆ ಹೇಳ್ಲಿ? ಕೈ ಹಿಡದು ಮ್ಯಾಲೆ ಎತ್ತಿದವರ ಕೈನ ಕೇಳಿಧಾಂಗ ಆಗ್ತೈತಿ."

"ನಾ ಹೇಳೂದಿಲ್ಲ," ಎಂದಳು ಸಣ್ಣವ್ವ. "ಹೇಳಬೇಕಾದಾಕಿ ನೀನ."

ಬಾವಿಗೆ ನೀರು ಬಿತ್ತು. ಕಲ್ಲಿನ ಸಂದಿಯಿಂದ ಮೊದಲು ಬೆವರಿನಂತೆ ಒಸರಿ, ಆಮೇಲೆ ಧಾರೆಯಾಗಿ ಬಂತು. ಸಿಹಿ ನೀರು. ಕೇರಿಯೆಲ್ಲ ಕುಣಿಯಿತು. ಬಸವಣ್ಣೆವ್ವನಿಗೆ ಮಾತ್ರ ಸಂತೋಷದ ಜೊತೆಗೇ ಸಂಕಟವೂ ಆಯಿತು. ನೀರು ಬಂದರೆ ಕೆಲಸ ಮುಗಿದಂತೆ. ಮುಂಗಾರಿನ ಮಿರಗದ ಮಳೆಗೆ ಮುಂಚೆ ಅವರು ಹೊರಡುವುದೆಂದು ಮೊದಲೇ ಗೊತ್ತಿತ್ತು. ಬಾಲವಾಡಿಗೊಂದು ಕೋಣೆ ಕಟ್ಟಲು ಒಬ್ಬರು ಇಲ್ಲೇ ಉಳಿಯಬಹುದೆಂದು ಸಾತಪ್ಪ ಸ್ವಾಮಿಗಳು ಹೇಳಿದ್ದರಂತೆ. ಆದರೆ ಯಾರೂ ಇನ್ನೂ ಹೂಂ ಅಂದಿರಲಿಲ್ಲ.

ಆ ಸಂಜೆ ಕೆಂಜಿ ಬಾಲವಾಡಿಯ ಗಿಡದ ಹತ್ತಿರ ಬಂದ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದವನ ಮುಖ. ಅವನ ಮಾತನ್ನು ಇಲ್ಲಿ ನೆಟ್ಟಗೆ ಬರೆದಿದೆ; 'ವ' ಬಂದಲ್ಲೆಲ್ಲ ಓದುವವರು 'ಬ' ಮಾಡಿಕೊಳ್ಳಬೇಕು.

"ಎಲ್ಲಾರು ನನಗ ಕೆಂಚಪ್ಪ ಅಂತಾರ. ನೀವು ಒಬ್ಬರ ಕೆಂಜಿ ಅಂತಿದ್ರಿ. ಜ್ವರ ಬಂದ ಮ್ಯಾಲೆ ನೀವೂ ಅನ್ನೂದಿಲ್ಲ. ನಾ ಏನರ ತಪ್ಪು ಮಾಡಿದೆನ್ರಿ?"

"ಇಲ್ರಿ."

"ಸಿಟ್ಟು?"

"ಅಯ್ಯ, ಇಲ್ರಿ."

"ಹಂಗಾದ್ರ ಒಮ್ಮೆ ಕರೀರಿ." ಅವನ ಕಿವಿ ಕೆಂಪಾಗಿದ್ದವು. "ನೀವು ಕರದ್ರ ಇರ್ತೀನಿ. ಕರೀಲಿಲ್ಲಂದ್ರ… ನನಗ ತಿಳೀತೈತಿ."

ಬಸವಣ್ಣೆವ್ವ ಬಾಯಿ ತೆರೆದಳು. ಆ ಹೆಸರು ಗಂಟಲ ತನಕ ಬಂತು. ಆದರೆ ಎದೆಯಲ್ಲಿ ಇಟ್ಟುಕೊಂಡ ಹೆಸರನ್ನು ಹೊರಗೆ ತರಲು ಪಾಪಿ ನಾಲಿಗೆ ಒಪ್ಪಲಿಲ್ಲ. ಅವನ ಅವ್ವ ನೆನಪಾದಳು, ಅಪ್ಪನ ಮುಖ ನೆನಪಾಯಿತು, ಊರ ಬಾಯಿ ನೆನಪಾಯಿತು. "ಏನ್ರಿ…" ಎಂದಳು. ಅಷ್ಟೇ.

ಪ್ರಪಂಚದ ಯಾವ ಹೆಂಡತಿಯೂ ಅದಕ್ಕಿಂತ ಹೆಚ್ಚು ಪ್ರೀತಿಯಿಂದ ಏನ್ರಿ ಎಂದಿರಲಾರಳು. ಆದರೆ ಅವನಿಗೆ ಅದೇನು ತಿಳಿಯಬೇಕು? ಅವನು ಬೇಡವೆಂದು ತಿಳಿದ. ಸೊಂಟ ಬಗ್ಗಿಸಿ, "ಉಪಕಾರ ಆತ್ರಿ. ಗಂಜಿಗೆ… ಎಲ್ಲಾದಕ್ಕೂ," ಎಂದು ಹೇಳಿ ಹೊರಟುಹೋದ.

ಹೊರಡುವ ದಿನವೇ ಗಂಗಿ ಪೂಜೆ ಇಟ್ಟುಕೊಂಡರು. ಬಾವಿ ತೋಡಿದವರ ಎದುರಿಗೇ ಮೊದಲ ಕೊಡ ಸೇದಬೇಕೆಂದು ಉಡಚಪ್ಪನ ಹಟ. ಐವರ ಚೀಲಗಳು ಗಾಡಿಯ ಮೇಲೆ ಕೂತಿದ್ದವು. ಎತ್ತುಗಳು ನೊಗದ ಹತ್ತಿರ ನಿಂತಿದ್ದವು. ಬಾವಿಯ ಕಟ್ಟೆಗೆ ಅರಿಷಿಣ ಕುಂಕುಮ ಹಚ್ಚಿ, ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಕೊಡ ಇಳಿಸುವ ಮೊದಲು ಗಂಡನ ಹೆಸರು ಹೇಳಬೇಕು.

ಮೈಲಾರವ್ವ ಮುಂದೆ ಬಂದು ಕೊಡ ಬಡಿಯುತ್ತ ಹೇಳಿದಳು:

"ಹೊಸ ಹಗ್ಗ, ಹೊಸ ಕೊಡ, ಸೇದತೇನಿ ಜಗ್ಗಿ ಜಗ್ಗಿ,
ಮಂಜಪ್ಪನವರಿಗೆ ಎಷ್ಟ ಮಾಡಿದ್ರೂ ಸಾಲದು ಗೋಧಿ ಹುಗ್ಗಿ!"

ಮಂಜಪ್ಪ ಹೊಟ್ಟೆ ಮುಟ್ಟಿಕೊಂಡ. ಎಲ್ಲರೂ ಗೊಳ್ಳೆಂದರು. ಕೆಂಜಿಯೂ ನಕ್ಕ, ತುಟಿಯಲ್ಲಿ ಮಾತ್ರ. ಒಬ್ಬೊಬ್ಬರಾಗಿ ಎಲ್ಲರದೂ ಮುಗಿಯಿತು. "ಹೊತ್ತಾತು, ಇನ್ನ ಹೊಂಡೂಣು," ಎಂದು ಉಡಚಪ್ಪ ಎತ್ತು ಹೂಡಲು ಹೋದ.

ಸಣ್ಣವ್ವ ಮೊಮ್ಮಗಳ ಕಡೆ ನೋಡಿದಳು.

ಗಾಡಿಯ ಕಡೆ ತಿರುಗಿದ ಅವನ ಬೆನ್ನು ಬಸವಣ್ಣೆವ್ವನಿಗೆ ಕಂಡಿತು. ನೆಲಕ್ಕೆ ಹಣೆ ಹಚ್ಚಿದಾಗ ಕಂಡಿದ್ದ ಅದೇ ಬೆನ್ನು. ಋಣ ತೀರಿಸುವುದು ಹೇಗೆಂದು ಅಪ್ಪ ಕೇಳಿದ್ದ. ಅದು ತೀರಿಸುವಂಥದಲ್ಲ, ಜೀವಮಾನವೆಲ್ಲ ಹೊತ್ತುಕೊಂಡು ಇರುವಂಥದು ಎಂದು ಆ ಗಳಿಗೆ ಆಕೆಗೆ ಅನ್ನಿಸಿತು. ಆಕೆ ಮುಂದೆ ಹೋಗಿ ಕೊಡ ಎತ್ತಿಕೊಂಡಳು.

"ಅಯ್ಯ, ಲಗ್ನಾ ಇಲ್ಲ ಏನಿಲ್ಲ, ನೀ ಯಾರ ಹೆಸರು ಹೇಳಾಕಿ?" ಎಂದು ಮೈಲಾರವ್ವ ನಕ್ಕಳು.

ಬಸವಣ್ಣೆವ್ವ ತಲೆಯ ಮೇಲೆ ಸೆರಗು ಹೊದ್ದಳು. ಮೈಲಾರವ್ವನಂತೆಯೇ ಕೊಡ ಬಡಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು:

"ಸಿಹಿ ನೀರ ಬಾವಿ ತೋಡಿ ಕೊಟ್ರು, ಸಮುದ್ರ ದಾಟಿ ಬಂದು,
ಹೆಸರ ಯಾಕ ಕರೆಯೂದಿಲ್ಲ ಅಂತ ಕೇಳಿದ್ರು ನನಗ ಅಂದು,
ಜ್ವರದಾಗ ಕೊಟ್ಟೆ ಬಿಸಿ ಗಂಜಿ, ಹೇಳದ ಉಳದೆ ಅಂಜಿ,
ಇವತ್ತ ಹೇಳತೇನಿ ಕೇಳ್ರೆಲ್ಲಾರು, ನಮ್ಮವರ ಹೆಸರು ಕೆಂಜಿ."

ಮೈಲಾರವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಕೆಂಜಿ ತಿರುಗಿ ನಿಂತಿದ್ದ. ಒಡಪು ಎಂದರೇನೆಂದು ಅವನಿಗೆ ಗೊತ್ತಿತ್ತು. ಹೇಳುವವರು ಯಾರು, ಯಾರ ಹೆಸರು ಹೇಳುತ್ತಾರೆ, ಉಳಿದ ದಿನ ಯಾಕೆ ಹೇಳುವುದಿಲ್ಲ, ಎಲ್ಲವನ್ನೂ ಆಕೆಯೇ ಅಜ್ಜನ ಫೋಟೋದ ಮುಂದೆ ಕಲಿಸಿದ್ದಳು. ಆ ಪಾಠ ಈಗ ಅವನ ಮುಖದ ಮೇಲೆ ನಿಧಾನವಾಗಿ ಮೂಡಿತು. ತಿಂಗಳುಗಟ್ಟಲೆ ಕೇಳಿದ 'ಏನ್ರಿ'ಗಳೆಲ್ಲ ಒಮ್ಮೆಲೇ ಅರ್ಥವಾದವು.

"ಈಗ ನಿನ್ನ ಪಾಳಿ," ಎಂದಳು ಸಣ್ಣವ್ವ. "ಹೆಸರು ಹೇಳಿಸಿಕೊಂಡಾಂವ ತಿರುಗಿ ಹೇಳಬೇಕು."

ಪಾಪ, ಅವನಿಗೆ ಒಡಪು ಎಲ್ಲಿಂದ ಬರಬೇಕು? ಅವನು ನೆಟ್ಟಗೆ ಬಾವಿಯ ಕಟ್ಟೆಗೆ ಬಂದ. ತಾನೇ ತೋಡಿದ ಆಳಕ್ಕೆ ಬಗ್ಗಿ, ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ, ಉಸಿರು ಕಟ್ಟಿ ಕೂಗಿದ:

"ಬಸವಣ್ಣೆವ್ವ!"

ವ… ವ್ವ… ವ್ವ… ಎಂದು ಬಾವಿ ಅದನ್ನು ಒಂದಕ್ಷರವೂ ಕೆಡಿಸದೆ ಮೇಲೆ ಕಳಿಸಿತು.

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾತಪ್ಪ ಸ್ವಾಮಿಗಳು ಯಾರಿಗೂ ತಿಳಿಯದಂತೆ ಕೈಮುಗಿದು ನಿಂತರು. ಈಗ ಎಲ್ಲರೂ ನೋಡುತ್ತಿದ್ದುದು ಉಡಚಪ್ಪನನ್ನು. ಬಸವಣ್ಣೆವ್ವ ತಲೆಯೆತ್ತಲಿಲ್ಲ. ಎತ್ತಿನ ಹಗ್ಗ ಹಿಡಿದು ನಿಂತಿದ್ದ ಉಡಚಪ್ಪ ಮಗಳನ್ನು ನೋಡಿದ, ಹುಡುಗನನ್ನು ನೋಡಿದ, ಆಮೇಲೆ ಗಾಡಿಯ ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಐದು ಚೀಲಗಳಲ್ಲಿ ಒಂದನ್ನು ಹುಡುಕಿ ಕೆಳಗಿಳಿಸಿದ.

"ಮದ್ಲ ಹೇಳಿದ್ರ ಚೀಲಾ ಏರಸೂ ತ್ರಾಸರ ಉಳೀತಿತ್ತಲ್ಲವಾ," ಎಂದ, ಮೂಗೊರೆಸಿಕೊಳ್ಳುತ್ತ.

ಕೆಂಜಿ ಅವನಿಗೆ ಸೊಂಟ ಬಗ್ಗಿಸಿದ. ಈ ಸಲ ನಡ ಹೋಗುತ್ತದೆಂದು ಯಾರೂ ಹೇಳಲಿಲ್ಲ. ಉಡಚಪ್ಪನೂ ಬಗ್ಗಿದ. ಇಬ್ಬರ ತಲೆ ತಾಗಿ ಟಕ್ಕೆಂದಿತು.

ಲಗ್ನ ಬುದ್ಧನ ಪಟದ ಮುಂದೆ ಆಯಿತು. ಬಾಲವಾಡಿಗೆ ಕೋಣೆಯೂ ಆಯಿತು. ಎರಡು ಸಲ ಅವನ ಅವ್ವನನ್ನು ನೋಡಿ ಬಂದರು. ಆಕೆ ಸೊಸೆಗೆ ಮೊದಲು ಮಾಡಿ ಬಡಿಸಿದ್ದು ಗಂಜಿಯನ್ನೇ. ಬಸವಣ್ಣೆವ್ವ ಬಗ್ಗಿ ಉಪಕಾರ ಹೇಳಿದಳಂತೆ.

ಆ ಹೆಸರನ್ನು ಮಾತ್ರ ಆಕೆ ಮತ್ತೆ ಬಾಯಿಗೆ ತರಲಿಲ್ಲ. ಈಗಲೂ ಮೊಮ್ಮಕ್ಕಳು ಮಾವಿನ ಗಿಡ ಹತ್ತಿದರೆ ಹಿತ್ತಲಿನಿಂದ ಕೂಗಿ ಹೇಳುತ್ತಾಳೆ: "ಇಳೀರ್ಲೇ, ಕಡಿಯೋ ಇರಿವಿ ಅದಾವ!"

ಬಾವಿಯ ಕಟ್ಟೆಯ ಮೇಲೆ ಕೂತ ಮುದುಕ ಅದನ್ನು ಕೇಳಿ, ತನ್ನನ್ನೇ ಕರೆದಳೇನೋ ಎಂಬಂತೆ, ಅಲ್ಲಿಂದಲೇ "ಓ" ಎನ್ನುತ್ತಾನೆ.